ಟಿಡಿಎಸ್ ಪೆನ್ನು ತಗೊಳ್ಳಬಹುದಾ? ಎಂಟು ತಿಂಗಳು, ಹನ್ನೊಂದು ಬಾವಿ ಆದ ಮೇಲೆ ಬರೆಯುತ್ತಿದ್ದೇನೆ

ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ನನ್ನ ಕೆಲಸ. ನೀರಿನ ವಿಷಯ ಓದಿದವನಲ್ಲ. ನೀರಿನಲ್ಲಿ ಎಷ್ಟು ಕರಗಿದೆ ಅಂತ ತೋರಿಸುವ ಈ ಟಿಡಿಎಸ್ ಪೆನ್ನು ತರಿಸಿದ್ದೂ ನನಗಾಗಿ ಅಲ್ಲ. ಎಂಟನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ ಮಗಳು ಬಂದು, "ಪಪ್ಪ, ನೀರಿನ ಉಪ್ಪು ಅಳೆಯುವ ಪೆನ್ನು ಬೇಕು" ಅಂದಳು. ಪೆನ್ನು ಅಂದದ್ದಕ್ಕೆ ಹತ್ತಿಪ್ಪತ್ತು ರೂಪಾಯಿಯದ್ದು ಅಂದುಕೊಂಡು ಹೂಂ ಅಂದೆ. ಫೋನಿನಲ್ಲಿ ನೋಡಿದರೆ 289 ರೂಪಾಯಿ. ಹೂಂ ಅಂದಾಗಿತ್ತಲ್ಲ, ತರಿಸಿದೆ.

ಇದರ ಬಗ್ಗೆ ಬಂದ ರಿವ್ಯೂಗಳನ್ನು ಆಗಲೇ ಓದಿದ್ದೆ. ಒಬ್ಬರು "ಸೂಪರ್" ಅಂತ ಐದು ಸ್ಟಾರ್. ಇನ್ನೊಬ್ಬರು ಡಬ್ಬ ಜಜ್ಜಿಹೋಗಿತ್ತು ಅಂತ ಒಂದು ಸ್ಟಾರ್. ಮತ್ತೊಬ್ಬರು "ನಮ್ಮ ಫಿಲ್ಟರ್ ನೀರು 40 ತೋರಿಸಿತು, ತುಂಬಾ ಖುಷಿ." ಆ 40 ಸರಿಯಾ ತಪ್ಪಾ ಅಂತ ಯಾರೂ ನೋಡಿದ ಹಾಗೆ ಕಾಣಲಿಲ್ಲ. ನಾವು ನೋಡಿದ್ದೇವೆ. ಅಂದರೆ ಮಗಳು ನೋಡಿದ್ದಾಳೆ, ನಾನು ಬಾಲ್ದಿ ಹಿಡಿದು ನಿಂತಿದ್ದೆ.

ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನ ಇಲ್ಲ, ಇದೇ ಪೆನ್ನು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಸಿಗುತ್ತದೆ. ಎರಡು-ಮೂರು ಬಟನ್, ಚಿಕ್ಕ ಪರದೆ, ತುದಿಯಲ್ಲಿ ಎರಡು ಲೋಹದ ಕಡ್ಡಿ. ನೀವು ನೋಡಿರುತ್ತೀರಿ.

ಯಾಕೆ ಬೇಕಾಯಿತು ಅಂತ ಹೇಳಬೇಕಾದರೆ ನಮ್ಮ ಊರು ಹೇಳಬೇಕು. ಮಲ್ಪೆಯಿಂದ ಬಡಗು ದಿಕ್ಕಿಗೆ ತೊಟ್ಟಂ, ಹೂಡೆ ದಾಟಿ ಕೋಡಿ ಬೆಂಗ್ರೆಯ ಕಡೆ ಹೋಗುತ್ತಾ ಹೋದರೆ ನೆಲ ಸಪೂರ ಆಗುತ್ತಾ ಬರುತ್ತದೆ. ಎಡಗಡೆ ಸಮುದ್ರ, ಬಲಗಡೆ ಸುವರ್ಣಾ ಹೊಳೆ. ನಡುವೆ ಒಂದು ರಸ್ತೆ, ತೆಂಗಿನ ಮರ, ನಮ್ಮ ಮನೆಗಳು. ತುದಿಯಲ್ಲಿ ಹೊಳೆ ಸಮುದ್ರ ಸೇರುತ್ತದೆ, ಆಚೆ ದಡದಲ್ಲಿ ಹಂಗಾರಕಟ್ಟೆ. ಶನಿವಾರ, ಭಾನುವಾರ ಬೆಂಗಳೂರಿನವರು ಬಂದು ಫೋಟೋ ತೆಗೆಯುತ್ತಾರೆ. ಎರಡೂ ಕಡೆ ನೀರು, ಎಷ್ಟು ಚಂದ ಅನ್ನುತ್ತಾರೆ. ಚಂದ ಹೌದು. ಮೇ ತಿಂಗಳಲ್ಲಿ ನಮ್ಮ ಬಾವಿಯ ನೀರಿನ ಚಹಾ ಒಂದು ಲೋಟ ಕೊಡಬೇಕು ಅವರಿಗೆ.

ಬೇಸಿಗೆ ಬಂದರೆ ಇಲ್ಲಿ ಬಾವಿ ಉಪ್ಪಾಗುತ್ತದೆ. ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ. ಕುಡಿಯಲಿಕ್ಕೆ ನಳ್ಳಿ ನೀರು, ಉಳಿದದ್ದಕ್ಕೆ ಬಾವಿ. ಇದು ನನ್ನ ಅಜ್ಜಿಯ ಕಾಲದಿಂದ ಇದ್ದದ್ದೇ. ಆದರೆ ಮಗಳ ಪ್ರಶ್ನೆ ಬೇರೆ. ನಮ್ಮ ಬಾವಿ ಉಪ್ಪು, ಮೂವತ್ತು ಹೆಜ್ಜೆ ಆಚೆಯ ಮನೆಯ ಅಜ್ಜಿಯ ಬಾವಿ ಅಷ್ಟು ಉಪ್ಪಿಲ್ಲ. ಅದೇ ಹೊಯ್ಗೆ (ಮರಳು), ಅದೇ ಸಮುದ್ರ. ಯಾಕೆ? ಶಾಲೆಯಲ್ಲಿ ವಿಜ್ಞಾನದ ಟೀಚರ್ ಹತ್ತಿರ ಕೇಳಿದ್ದಾಳೆ. ಅವರು "ಅಳೆದು ನೋಡು, ನವೆಂಬರಿನ ಸ್ಪರ್ಧೆಗೆ ಅದನ್ನೇ ಮಾಡುವ" ಅಂದಿದ್ದಾರೆ. ಹಾಗೆ ಬಂದದ್ದು ಈ ಪೆನ್ನು.

ಈಗ ಡಬ್ಬದ ವಿಷಯ. ಪೆನ್ನು, ಮುಚ್ಚಳ, ಚರ್ಮದ ಹಾಗೆ ಕಾಣುವ ಒಂದು ಚೀಲ, ಒಳಗೇ ಹಾಕಿದ ಎರಡು ಬಟನ್ ಸೆಲ್ಲು, ಇರುವೆ ಸಾಲಿನಂಥ ಅಕ್ಷರದ ಒಂದು ಕಾಗದ. ಕಾಗದ ಇಂಗ್ಲಿಷ್ ಮತ್ತು ಚೀನಿ ಭಾಷೆಯಲ್ಲಿ. ಕನ್ನಡ ಬಿಡಿ, ಹಿಂದಿಯೂ ಇಲ್ಲ. ಕನ್ನಡ ಮೀಡಿಯಂ ಹುಡುಗಿ ಡಿಕ್ಷನರಿ ಇಟ್ಟುಕೊಂಡು ಅರ್ಧ ಓದಿದಳು. ನಾನು ಓದಲೇ ಇಲ್ಲ. ಮೆಕ್ಯಾನಿಕ್‌ಗಳು ಓದುವುದಿಲ್ಲ, ಬಿಚ್ಚಿ ನೋಡುತ್ತೇವೆ. ಆ ಕಾಗದದ ಮೂರನೇ ಸಾಲು ಓದಿದ್ದರೆ ಮೇ ತಿಂಗಳಲ್ಲಿ ನನ್ನ ಮರ್ಯಾದೆ ಉಳಿಯುತ್ತಿತ್ತು. ಅದು ಆಮೇಲೆ.

ಬಳಸುವುದು ಸುಲಭ. ಮುಚ್ಚಳ ತೆಗೆದು, ಬಟನ್ ಒತ್ತಿ, ಕಡ್ಡಿ ಮುಳುಗುವಷ್ಟು ಅದ್ದಿ, ಸ್ವಲ್ಪ ಅಲ್ಲಾಡಿಸಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಹೋಲ್ಡ್ ಬಟನ್ ಒತ್ತಿದರೆ ಅಂಕಿ ಹಾಗೇ ನಿಲ್ಲುತ್ತದೆ, ಹೊರಗೆ ತೆಗೆದು ಆರಾಮವಾಗಿ ಬರೆದುಕೊಳ್ಳಬಹುದು. ಇದು ಒಳ್ಳೆಯದು. ಬಿಸಿನೀರು, ಫ್ರಿಜ್ಜಿನ ತಣ್ಣೀರು ಎರಡಕ್ಕೂ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ ಅಂತ ಡಬ್ಬದ ಮೇಲೆ ಉಂಟು. ಹಾಕಿಕೊಳ್ಳುತ್ತದೆ, ಆದರೆ ನಿಧಾನ. ತಣ್ಣೀರಿಗೆ ಅದ್ದಿದ ಕೂಡಲೇ ಬಂದ ಅಂಕಿ ನಂಬಬೇಡಿ. ಒಂದು ಸಲ ಪೆನ್ನು ಬಾಲ್ದಿಗೇ ಬಿತ್ತು, ಪೂರ್ತಿ ಮುಳುಗಿತು. ಮನೆಯವಳು ಎರಡು ದಿನ ಕುಚ್ಚಲಕ್ಕಿ ಡಬ್ಬದಲ್ಲಿ ಹೂತಿಟ್ಟಳು. ಬದುಕಿತು. ಸೆಲ್ಲು ಸೆಪ್ಟೆಂಬರಿನಲ್ಲಿ ಮುಗಿಯಿತು, ವಾಚಿನ ಅಂಗಡಿಯಲ್ಲಿ ಸಿಗುವ ಎಲ್‌ಆರ್ 44 ಹಾಕಿದರೆ ಆಯಿತು.

ಇನ್ನು ಆ ಮರ್ಯಾದೆಯ ವಿಷಯ.

ಮಗಳು ಹನ್ನೊಂದು ಬಾವಿಗೆ ನಂಬರ್ ಕೊಟ್ಟಿದ್ದಳು. ನಮ್ಮದು 4, ಅಜ್ಜಿಯದ್ದು 5. ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ, ಯಾರೂ ಪಂಪ್ ಹಾಕುವ ಮೊದಲು, ಸೈಕಲ್ಲಿನಲ್ಲಿ ಒಂದು ಸುತ್ತು. ಪುಸ್ತಕದಲ್ಲಿ ತಾರೀಕು, ಅಂಕಿ, ನೀರು ಎಷ್ಟು ಆಳದಲ್ಲಿ ಉಂಟು, ಆ ದಿನ ಭರತ (ಸಮುದ್ರದ ಉಬ್ಬರ) ಎಷ್ಟು ಹೊತ್ತಿಗೆ. ಭರತ, ಇಳಿತದ ಟೈಮ್ ನನ್ನ ಕಡೆಯಿಂದ. ಬಂದರಿನಲ್ಲಿ ಅದು ನಮಗೆ ಬಾಯಿಪಾಠ.

ಪೆನ್ನಿನ ಅಂಕಿ ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಕರಗಿದೆ ಅಂತ, ಅದಕ್ಕೇ ಪಿಪಿಎಂ ಅನ್ನುವುದು. ಏಪ್ರಿಲ್ ಮೊದಲ ವಾರ ನಮ್ಮ ಬಾವಿ 310. ಆಮೇಲೆ 450, 620, 790. ಮೇ ಮೊದಲ ಭಾನುವಾರ 960. ಅದರ ಮುಂದಿನ ಭಾನುವಾರ ಅವಳಿಗೆ ಜ್ವರ. ನಾನೇ ಹೋದೆ. ನಮ್ಮ ಬಾವಿಗೆ ಅದ್ದಿ ನೋಡಿದರೆ 124!

ನನಗಾದ ಖುಷಿ ಹೇಳುವುದು ಬೇಡ. ಹಿಂದಿನ ರಾತ್ರಿ ನಾಲ್ಕು ಹನಿ ಮಳೆ ಬಂದಿತ್ತು, ಅದರಿಂದಲೇ ಅಂದುಕೊಂಡೆ. ಬೀದಿಯಲ್ಲಿ ಮೂರು ಮನೆಗೆ ಹೇಳಿದೆ. "ನಮ್ಮ ಬಾವಿ ಸರಿಯಾಗಿದೆ, ಬೇಕಾದರೆ ಕೊಡಪಾನ ತನ್ನಿ." ಪಕ್ಕದ ಮನೆಯ ಅಣ್ಣ ನಿಜವಾಗಿಯೂ ಎರಡು ಕೊಡಪಾನ ತುಂಬಿಸಿಕೊಂಡು ಹೋದರು. ಹತ್ತು ನಿಮಿಷದಲ್ಲಿ ವಾಪಸ್ ತಂದು ಅಂಗಳದಲ್ಲಿಟ್ಟರು. ಒಂದು ಮಾತು ಆಡಲಿಲ್ಲ.

ಮಗಳು ಹೊದಿಕೆ ಹೊದ್ದುಕೊಂಡೇ ಎದ್ದು ಬಂದಳು. ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. "ಪಪ್ಪ, ನಾಲಿಗೆ ಒಂದು ಹೇಳ್ತದೆ, ಪೆನ್ನು ಇನ್ನೊಂದು ಹೇಳ್ತದೆ." ಪೆನ್ನು ತಗೊಂಡು ಇನ್ನೊಮ್ಮೆ ಅದ್ದಿದಳು. ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ನನ್ನ ಮುಖದ ಹತ್ತಿರ ಹಿಡಿದಳು. 124ರ ಪಕ್ಕದಲ್ಲಿ, ಅಕ್ಕಿ ಕಾಳಿನ ಮೂತಿಯಷ್ಟು ದೊಡ್ಡದಾಗಿ, ×10 ಅಂತ ಮಿಣುಕುತ್ತಿತ್ತು.

ಈ ಪೆನ್ನಿಗೆ 999ರ ಮೇಲೆ ನೇರ ಅಂಕಿ ತೋರಿಸಲಿಕ್ಕೆ ಬರುವುದಿಲ್ಲ. ಪರದೆಯಲ್ಲಿ ಮೂರೇ ಅಂಕಿಗೆ ಜಾಗ. ಸಾವಿರ ದಾಟಿದರೆ ಹತ್ತರಿಂದ ಭಾಗಿಸಿ ತೋರಿಸುತ್ತದೆ, ಪಕ್ಕದಲ್ಲಿ ×10 ಮಿಣುಕಿಸುತ್ತದೆ. ಅಂದರೆ ನಮ್ಮ ಬಾವಿ 124 ಅಲ್ಲ, 1,240. ಕಾಗದದ ಮೂರನೇ ಸಾಲಿನಲ್ಲಿ ಇದೇ ಇತ್ತು.

ಇದು ಈ ಪೆನ್ನಿನ ದೊಡ್ಡ ತಪ್ಪು, ಇದಕ್ಕೆ ನಾನು ಒಂದು ಸ್ಟಾರ್ ಪೂರ್ತಿ ಕಡಿಯುತ್ತೇನೆ. ನೀರು ಹಾಳಾದಷ್ಟೂ ಅಂಕಿ ಚಿಕ್ಕದಾಗಿ ಕಾಣುವ ಮೀಟರ್ ಯಾರಾದರೂ ಮಾಡುತ್ತಾರಾ? ಬೋಟಿನ ಇಂಜಿನ್ ಬಿಸಿಯಾದಾಗ ಮುಳ್ಳು ಕೆಳಗೆ ಬಂದರೆ ಹೇಗಿರುತ್ತದೆ! ಕಣ್ಣು ಸ್ವಲ್ಪ ಮಂಜಾದ ವಯಸ್ಸಾದವರು, ಬಿಸಿಲಿನಲ್ಲಿ ನಿಂತು ನೋಡುವವರು, ಖಂಡಿತ ಮೋಸ ಹೋಗುತ್ತಾರೆ. ನನಗೆ ನಲವತ್ತೊಂದು, ನಾನೇ ಹೋದೆ.

ಆವತ್ತಿನಿಂದ ಮಗಳಿಗೆ ಪೆನ್ನಿನ ಮೇಲೆ ಡೌಟು. ಇದು ಇಷ್ಟು ದಿನ ತೋರಿಸಿದ್ದಾದರೂ ಸರಿಯಾ? ಸರಿ ಅಂತ ಹೇಗೆ ಗೊತ್ತಾಗುವುದು? ಟೀಚರಿಗೆ ಫೋನ್ ಮಾಡಿದಳು. ಅವರು ಹೇಳಿದ್ದು ಸುಲಭದ ದಾರಿ: ಒಂದು ಲೀಟರ್ ಶುದ್ಧ ನೀರಿಗೆ ಒಂದು ಗ್ರಾಂ ಉಪ್ಪು ಹಾಕಿದರೆ ಅದು ಸಾವಿರ ಮಿಲಿಗ್ರಾಂ, ಅಂದರೆ ಸಾವಿರ ಪಿಪಿಎಂ. ಪೆನ್ನು ಸಾವಿರ ತೋರಿಸಬೇಕು. ತೋರಿಸದಿದ್ದರೆ ಎಷ್ಟು ಸುಳ್ಳು ಹೇಳುತ್ತದೆ ಅಂತ ಗೊತ್ತಾಗುತ್ತದೆ.

ಶುದ್ಧ ನೀರು ನನ್ನ ಹತ್ತಿರವೇ ಇತ್ತು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಅದಕ್ಕೆ ಅದ್ದಿದರೆ ಪೆನ್ನು 2 ತೋರಿಸಿತು, ಪರವಾಗಿಲ್ಲ. ಒಂದು ಗ್ರಾಂ ಉಪ್ಪು ತೂಗುವುದು ಎಲ್ಲಿ? ದಿನಸಿ ಅಂಗಡಿಯ ತಕ್ಕಡಿಯಲ್ಲಿ ಅಷ್ಟು ಸಣ್ಣ ತೂಕ ಆಗುವುದಿಲ್ಲ. ಕೊನೆಗೆ ಸಂತೆಕಟ್ಟೆಯ ಒಂದು ಚಿನ್ನದ ಅಂಗಡಿಗೆ ಹೋದೆವು. ನಾನು ಹೊರಗೇ ನಿಂತೆ, ನಾಚಿಕೆ. ಅವಳು ಒಳಗೆ ಹೋಗಿ ಉಪ್ಪಿನ ಪೊಟ್ಟಣ ಬಿಚ್ಚಿದಳು. ಅಂಗಡಿಯವರು ನಕ್ಕು, "ಚಿನ್ನಕ್ಕಿಂತ ಉಪ್ಪಿಗೆ ರೇಟು ಬಂತಾ ಮಾರಾಯ್ತಿ?" ಅಂದರು. ಆದರೆ ತೂಗಿ ಕೊಟ್ಟರು. ಒಂದೊಂದು ಗ್ರಾಮಿನ ಮೂರು ಪೊಟ್ಟಣ. ಒಂದಲ್ಲ, ಮೂರು ಯಾಕೆ ಅಂತ ದಾರಿಯಲ್ಲಿ ಕೇಳಿದೆ. "ಒಂದೇ ಸಲ ಮಾಡಿದ್ರೆ ಪೆನ್ನು ತಪ್ಪಾ, ನಾನು ತಪ್ಪಾ ಗೊತ್ತಾಗುದಿಲ್ಲ" ಅಂದಳು.

ಮೂರು ಬಾಟಲಿ, ಮೂರು ಸಲ. 940, 936, 944. ಅಂದರೆ ಸಾವಿರಕ್ಕೆ ಅರವತ್ತು ಕಡಿಮೆ. ನೂರಕ್ಕೆ ಆರು.

ಪೆನ್ನಿನ ಹಿಂದೆ ಒಂದು ಸಣ್ಣ ಸ್ಕ್ರೂ ಉಂಟು. ಅದನ್ನು ತಿರುಗಿಸಿ ಅಂಕಿ ಸರಿ ಮಾಡಬಹುದು. ನಾನು ಆಗಲೇ ಸ್ಕ್ರೂ ಡ್ರೈವರ್ ತಂದಿದ್ದೆ. ಅವಳು ಪೆನ್ನು ಕಸಿದುಕೊಂಡಳು. "ಬೇಡ ಪಪ್ಪ! ಈಗ ತಿರುಗಿಸಿದ್ರೆ ಆರು ವಾರದ ಅಂಕಿ ಎಲ್ಲ ಹಾಳು. ಇದು ಹೀಗೇ ಇರ್ಲಿ. ಎಷ್ಟು ಸುಳ್ಳು ಅಂತ ಗೊತ್ತಾಯ್ತಲ್ಲ, ಲೆಕ್ಕದಲ್ಲಿ ಸರಿ ಮಾಡುವ." ಇಪ್ಪತ್ತು ವರ್ಷ ಮೀಟರ್ ನೋಡಿದವನು ನಾನು. ತಪ್ಪು ತೋರಿಸುವ ಮೀಟರನ್ನು ಮುಟ್ಟದೆ ಬಿಡುವುದು ನನ್ನ ಕೈಗೆ ಆಗದ ಕೆಲಸ. ಸ್ಕ್ರೂ ಡ್ರೈವರ್ ವಾಪಸ್ ಇಟ್ಟು ಬಂದೆ. ಆಮೇಲೆ ಕೂತು ಅವಳು ಹಳೇ ಅಂಕಿಗಳನ್ನೆಲ್ಲ 1.064ರಿಂದ ಗುಣಿಸಿದಳು. ಹನ್ನೊಂದು ಬಾವಿ, ಆರು ವಾರ. ಹಳೇ ಅಂಕಿ ಅಳಿಸಲಿಲ್ಲ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೊಸದು.

ನಿಮಗೂ ಇದೇ ಸಲಹೆ. ತಗೊಂಡ ದಿನವೇ ಉಪ್ಪಿನ ಪರೀಕ್ಷೆ ಮಾಡಿ. ನಿಮ್ಮ ಪೆನ್ನು ಆರು ಕಡಿಮೆ ತೋರಿಸಬಹುದು, ಹತ್ತು ಜಾಸ್ತಿ ತೋರಿಸಬಹುದು, ಅಥವಾ ಸರಿಯಾಗಿಯೇ ಇರಬಹುದು.

ಇನ್ನೊಂದು ಪರೀಕ್ಷೆ ಸುಮ್ನೆ ತಮಾಷೆಗೆ ಶುರುವಾಯಿತು. 5ನೇ ಬಾವಿಯ ಅಜ್ಜಿ ಪೆನ್ನು ನೋಡಿ, "ಇದರಲ್ಲಿ ನನ್ನ ಶುಗರ್ ನೋಡ್ಲಿಕ್ಕೆ ಆಗ್ತದಾ ಮಗಾ?" ಅಂತ ಕೇಳಿದರು. ನಾವೆಲ್ಲ ನಕ್ಕೆವು. ಮಗಳು ಮಾತ್ರ ನಗಲಿಲ್ಲ. ಬ್ಯಾಟರಿ ನೀರಿಗೆ ಎರಡು ಚಮಚ ಸಕ್ಕರೆ ಹಾಕಿ ಕರಗಿಸಿ ಅದ್ದಿದಳು. ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! ಪಾಯಸದಷ್ಟು ಸಿಹಿ ನೀರು, ಪೆನ್ನಿಗೆ ಅದು ಖಾಲಿ ನೀರು. ಯಾಕೆಂದರೆ ಇದು ಕರಗಿದ್ದನ್ನು ಅಳೆಯುವುದೇ ಇಲ್ಲ. ಎರಡು ಕಡ್ಡಿಗಳ ನಡುವೆ ನೀರಿನಲ್ಲಿ ಕರೆಂಟು ಎಷ್ಟು ಸುಲಭವಾಗಿ ಹೋಗುತ್ತದೆ ಅಂತ ನೋಡುತ್ತದೆ, ಅದರಿಂದ ಇಷ್ಟು ಕರಗಿರಬೇಕು ಅಂತ ಅಂದಾಜು ಹೇಳುತ್ತದೆ. ಉಪ್ಪು ಕರಗಿದರೆ ಕರೆಂಟು ಹೋಗುತ್ತದೆ. ಸಕ್ಕರೆ ಕರಗಿದರೆ ಹೋಗುವುದಿಲ್ಲ. ಟಿಡಿಎಸ್ ಅಂದರೆ ಕರಗಿದ ಎಲ್ಲವೂ ಅಂತ ಹೆಸರು, ಕೆಲಸ ಅರ್ಧ.

ಇದನ್ನು ಬರೆಯಲು ಕಾರಣ ಉಂಟು. ಇಂಥದ್ದೇ ಪೆನ್ನು ಹಿಡಿದುಕೊಂಡು ಫಿಲ್ಟರ್ ಮಾರುವವರು ಮನೆ ಬಾಗಿಲಿಗೆ ಬರುತ್ತಾರೆ. ನಮ್ಮ ಭಾವನ ಮನೆಗೆ ಬಂದವನು ಬಾವಿ ನೀರಿಗೆ ಅದ್ದಿ 180 ತೋರಿಸಿ, "ನೋಡಿ, ನೀವು ವಿಷ ಕುಡಿಯುತ್ತಿದ್ದೀರಿ" ಅಂದನಂತೆ. ಕುಡಿಯುವ ನೀರಿಗೆ ನಮ್ಮ ದೇಶದ ಲೆಕ್ಕ ಐಎಸ್ 10500 ಅಂತ, 2012ರದ್ದು. ಅದರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಸರಿ. ಬೇರೆ ನೀರೇ ಇಲ್ಲದ ಕಡೆ 2,000 ತನಕ ನಡೆಯುತ್ತದೆ. ಉಪ್ಪಿನ ಲೆಕ್ಕದಲ್ಲಿ 180 ಒಳ್ಳೆಯ ನೀರು ಮಾರಾಯ್ರೆ! ಇನ್ನು ಕೆಲವರು ಎರಡೆರಡು ಸರಳು ಇರುವ ಒಂದು ಯಂತ್ರವನ್ನು ಲೋಟಕ್ಕೆ ಇಳಿಸಿ ಕರೆಂಟು ಕೊಡುತ್ತಾರೆ, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ನೀರಿನ ಕೊಳೆ ಅಲ್ಲ, ಆ ಕಬ್ಬಿಣದ ಸರಳೇ ಕರಗಿ ತುಕ್ಕಾಗುವುದು. ಉಪ್ಪುನೀರಿನಲ್ಲಿ ಕಬ್ಬಿಣಕ್ಕೆ ಏನಾಗುತ್ತದೆ ಅಂತ ನನ್ನಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮತ್ತೆ, 50 ತೋರಿಸಿದರೂ ನೀರು ಕುಡಿಯಲು ಒಳ್ಳೆಯದು ಅಂತ ಅರ್ಥ ಅಲ್ಲ. ರೋಗದ ಬ್ಯಾಕ್ಟೀರಿಯಾ ಈ ಪೆನ್ನಿಗೆ ಕಾಣುವುದಿಲ್ಲ. ಕುದಿಸಿದರೆ ಅವು ಸಾಯುತ್ತವೆ, ಆದರೆ ಅವು ಸತ್ತದ್ದರಿಂದ ಪೆನ್ನಿನ ಅಂಕಿ ಇಳಿಯುವುದಿಲ್ಲ. ನೀರು ಆವಿಯಾಗಿ ಉಪ್ಪು ಉಳಿಯುವುದರಿಂದ ಸ್ವಲ್ಪ ಏರಲೂಬಹುದು.

ಅಳತೆಯ ಮೇಲಿನ ಮಿತಿಯೂ ಹೇಳಬೇಕು. 9,990ರ ಮೇಲೆ ಈ ಪೆನ್ನು ಕೈ ಎತ್ತುತ್ತದೆ. ಸಮುದ್ರದ ನೀರು ಸುಮಾರು 35,000. ಮೇ ತಿಂಗಳಲ್ಲಿ ಭರತದ ಹೊತ್ತಿಗೆ ನಮ್ಮ ಹೊಳೆಯೂ ಅಳತೆ ಮೀರಿತು. ಮಗಳು ಒಂದು ಲೋಟ ಹೊಳೆ ನೀರಿಗೆ ಒಂಬತ್ತು ಲೋಟ ಬ್ಯಾಟರಿ ನೀರು ಬೆರೆಸಿ ಅಳೆದಳು. 2,750 ಬಂತು. ಅದನ್ನು ಹತ್ತು ಪಟ್ಟು ಮಾಡಿ, ಪೆನ್ನಿನ ಸುಳ್ಳು ಸರಿಪಡಿಸಿದರೆ ಸುಮಾರು 29,000. ಅಂದರೆ ಬೇಸಿಗೆಯಲ್ಲಿ ಭರತದ ಹೊತ್ತಿಗೆ ನಮ್ಮ ಮನೆಯ ಎರಡೂ ಕಡೆ ಇರುವುದು ಸಮುದ್ರವೇ.

ಜೂನ್ 1ರಿಂದ ಜುಲೈ 31ರ ತನಕ ಬೋಟುಗಳಿಗೆ 61 ದಿನ ರಜೆ. ರಜೆ ಬೋಟಿಗೆ, ನಮಗಲ್ಲ. ಎಲ್ಲ ಇಂಜಿನ್ ಬಿಚ್ಚುವುದು ಆಗಲೇ. ಆ ಎರಡು ತಿಂಗಳು ನಾನು ಅವಳ ಪುಸ್ತಕ ನೋಡಲಿಲ್ಲ. ಮಳೆ ಸುರಿಯುತ್ತಿತ್ತು, ಅವಳು ಕೊಡೆ ಹಿಡಿದುಕೊಂಡು ಭಾನುವಾರ ಸುತ್ತು ಹೋಗುತ್ತಲೇ ಇದ್ದಳು. ಜುಲೈಯಲ್ಲಿ ಒಂದು ದಿನ ಪೆನ್ನು ನಮ್ಮ ಬಾವಿಗೆ 118 ತೋರಿಸಿತಂತೆ. ನಾನು ಓಡಿ ಹೋಗಿ ಪರದೆ ನೋಡಿದೆ. ಏನೂ ಮಿಣುಕುತ್ತಿರಲಿಲ್ಲ. ಈ ಸಲ ಬೀದಿಗೆ ಹೇಳಲಿಲ್ಲ.

ಆಗಸ್ಟಿನಲ್ಲಿ ಅವಳು ಗೋಡೆಗೆ ಚಾರ್ಟ್ ಅಂಟಿಸಿದಳು. ಹನ್ನೊಂದು ಗೆರೆ, ಹನ್ನೊಂದು ಬಣ್ಣ. ಹೆಚ್ಚಿನವು ಮೇ ಕೊನೆಗೆ ಏರಿ ಜೂನಿನಲ್ಲಿ ಬಿದ್ದಿದ್ದವು. ಮೂರು ಗೆರೆ ಮಾತ್ರ ಉಳಿದವನ್ನು ಬಿಟ್ಟು ಆಕಾಶಕ್ಕೆ ಹೋಗಿದ್ದವು. ಅದರಲ್ಲಿ ಎಲ್ಲಕ್ಕಿಂತ ಮೇಲೆ ಹೋದದ್ದು 4. ಅಂದರೆ ನಾವು. ಪೆನ್ನಿನ ಲೆಕ್ಕ 1,480, ಸರಿ ಮಾಡಿದರೆ ಸುಮಾರು 1,575. ಹಗ್ಗ-ರಾಟೆಯಲ್ಲಿ ನೀರು ಸೇದುವ ಅಜ್ಜಿಯ 5ನೇ ಬಾವಿ ಅದೇ ವಾರ ಅರ್ಧಕ್ಕಿಂತ ಕಡಿಮೆ.

"ಈ ಮೂರಕ್ಕೂ ಪಂಪ್ ಉಂಟು ಪಪ್ಪ. ನೀವು ತೆಂಗಿನ ಮರಕ್ಕೆ ದಿನಾ ಎಷ್ಟು ಹೊತ್ತು ಹಾಕ್ತೀರಿ?"

ಒಂದು ಗಂಟೆ. ನಾನು ಹೇಳಲಿಲ್ಲ. ಅವಳ ಪುಸ್ತಕದಲ್ಲಿ ಆಗಲೇ ಬರೆದಿತ್ತು.

ಅವಳು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಒಂದು ಲೀಟರ್ ಸಿಹಿನೀರು 1,000 ಗ್ರಾಂ, ಸಮುದ್ರದ ನೀರು ಸುಮಾರು 1,025 ಗ್ರಾಂ. ಹಾಗಾಗಿ ಹೊಯ್ಗೆಯ ಒಳಗೆ ಮಳೆಯ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ನೀರಿನಲ್ಲಿ ಐಸ್ ತುಂಡು ಇದ್ದ ಹಾಗೆ. ಐಸಿನ ಹೆಚ್ಚಿನ ಭಾಗ ಕೆಳಗಿರುತ್ತದಲ್ಲ, ಹಾಗೇ ಇಲ್ಲಿಯೂ. 1,000 ಗ್ರಾಮನ್ನು ಆ 25ರಿಂದ ಭಾಗಿಸಿ, 40. ಸಮುದ್ರ ಮಟ್ಟದಿಂದ ಒಂದು ಅಡಿ ಸಿಹಿನೀರು ಮೇಲಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು. ಪಂಪ್ ಹಾಕಿ ಮೇಲಿನ ನೀರು ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪುನೀರು ನಲವತ್ತು ಅಡಿ ಏರಲು ನೋಡುತ್ತದೆ. 1901ರಲ್ಲಿ ಹರ್ಜ್‌ಬರ್ಗ್ ಅನ್ನುವ ಜರ್ಮನಿಯವರು ಉತ್ತರ ಸಮುದ್ರದ ದಂಡೆಯ ಊರುಗಳ ನೀರು ನೋಡಿ ಇದನ್ನು ಬರೆದಿದ್ದಾರಂತೆ. ನಾನು ಪಂಪ್ ಹಾಕುವಾಗ ಕೆಳಗೆ ಸಮುದ್ರವನ್ನು ಕರೆಯುತ್ತಿದ್ದೆ. ಯಾರಿಗೆ ಗೊತ್ತು!

ಸ್ಪರ್ಧೆಗೆ ಮಾಡೆಲ್ ಬೇಕಿತ್ತು. ಗಾಜಿನ ಪೆಟ್ಟಿಗೆ, ಒಳಗೆ ಹೊಯ್ಗೆ, ಒಂದು ಬದಿಯಿಂದ ಕೆಂಪು ಬಣ್ಣ ಹಾಕಿದ ಉಪ್ಪುನೀರು, ಇನ್ನೊಂದು ಬದಿಯಿಂದ ಸಿಹಿನೀರು, ನಡುವೆ ಬಾವಿಯ ಹಾಗೆ ಒಂದು ಟ್ಯೂಬು, ಅದಕ್ಕೆ ಸಿರಿಂಜು. ಮೆಲ್ಲ ಎಳೆದರೆ ಬಿಳಿ ನೀರು ಬರಬೇಕು, ಜೋರಾಗಿ ಎಳೆಯುತ್ತಾ ಹೋದರೆ ಕೆಂಪು. ಪೆಟ್ಟಿಗೆ ಅಂಟಿಸುವ ಕೆಲಸ ನನ್ನದು. ಸ್ಪರ್ಧೆಯ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಅದು ಸೋರಿತು. ನೂರಾರು ಅಶ್ವಶಕ್ತಿಯ ಇಂಜಿನ್ ಸೋರದ ಹಾಗೆ ಮಾಡುವವನ ಪೆಟ್ಟಿಗೆ! ಮನೆಯವಳು ಏನೂ ಹೇಳಲಿಲ್ಲ, ನೆಲ ಒರೆಸಿದಳು. ಒಂದು ಗಂಟೆಯವರೆಗೆ ಕೂತು ಎಂ-ಸೀಲ್ ತಿಕ್ಕಿದೆ. ಬೆಳಿಗ್ಗೆ ರಿಕ್ಷಾದಲ್ಲಿ ಮಗಳು ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಮೂಲೆ ಮುಟ್ಟಿ ನೋಡುತ್ತಿದ್ದಳು.

ಅದು ತಾಲೂಕು ಮಟ್ಟದ್ದು, ಬೇರೆ ಊರಿನ ಹೈಸ್ಕೂಲಿನಲ್ಲಿ. ತಂದೆ-ತಾಯಿಗೆ ಒಳಗೆ ಬಿಡಲಿಲ್ಲ. ಜಗಲಿಯಲ್ಲಿ ಕಿಟಕಿಯ ಹತ್ತಿರ ನಿಂತೆ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಎರಡು ಜಡೆ, ಕೆಂಪು ರಿಬ್ಬನ್, ಹಿಂದೆ ಕೈ ಕಟ್ಟಿ ಪೆನ್ನು ಹಿಡಿದುಕೊಂಡಿದ್ದಳು. ತೀರ್ಪುಗಾರರು ಮೂರು ಜನ. ಸಿರಿಂಜು ಎಳೆದಳು, ಬಿಳಿ ನೀರು ಬಂತು. ಮತ್ತೆ ಎಳೆದಳು, ಕೆಂಪು ಬಂತು. ನನ್ನ ಮೂಲೆ ಸೋರಲಿಲ್ಲ.

ಕನ್ನಡಕದ ಸರ್ ಒಬ್ಬರು ಪೆನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. "ಇದು ಮುನ್ನೂರು ರೂಪಾಯಿಯ ಆಟಿಕೆ. ಇದರ ಅಂಕಿ ಹೇಗೆ ನಂಬುವುದು?"

"ನಂಬಬಾರದು ಸರ್" ಅಂದಳು. "ಇದು ನೂರಕ್ಕೆ ಆರು ಕಡಿಮೆ ತೋರಿಸ್ತದೆ." ಆಮೇಲೆ ಪುಸ್ತಕ ತೆಗೆದು 940, 936, 944ರ ಪುಟ ತೋರಿಸಿದಳು. ಕೆಂಪು ಶಾಯಿ ತೋರಿಸಿದಳು. ಸರ್ ಆ ಪುಟವನ್ನು ತುಂಬಾ ಹೊತ್ತು ನೋಡಿದರು. ಪಕ್ಕದವರನ್ನು ಕರೆದು ತೋರಿಸಿದರು. ನಾನು ಕಿಟಕಿಯ ಸರಳು ಗಟ್ಟಿ ಹಿಡಿದುಕೊಂಡಿದ್ದೆ, ಕೈಗೆ ತುಕ್ಕು ಹತ್ತಿದ್ದು ಆಮೇಲೆ ನೋಡಿದೆ.

ಮೇಡಂ ಒಬ್ಬರು ಚಾರ್ಟ್ ನೋಡುತ್ತಾ, "ಈ 4ನೇ ಬಾವಿ ಯಾಕೆ ಇಷ್ಟು ಮೇಲೆ ಹೋಗಿದೆ?" ಅಂತ ಕೇಳಿದರು.

"ಅದು ನಮ್ಮದೇ ಮೇಡಂ. ನಮ್ಮ ಪಪ್ಪ ದಿನಾ ಒಂದು ಗಂಟೆ ಪಂಪ್ ಹಾಕ್ತಾರೆ."

ಜಗಲಿಯಲ್ಲಿದ್ದ ಉಳಿದ ಅಪ್ಪಂದಿರು ನಕ್ಕರು. ಯಾರ ಪಪ್ಪ ಅಂತ ಅವರಿಗೆ ಗೊತ್ತಿರಲಿಲ್ಲ. ನಾನೂ ನಕ್ಕೆ. ಆಮೇಲೆ ತಡೆಯಲಾಗದೆ ಪಕ್ಕದವರಿಗೆ ಹೇಳಿಬಿಟ್ಟೆ, "ಆ ಪಪ್ಪ ನಾನೇ." ನನ್ನ ಬಗ್ಗೆ ಬಂದರಿನಲ್ಲಿ ಒಳ್ಳೆ ಮಾತು ಕೇಳಿದ್ದೇನೆ, ಒಂದು ಸಲ ಬೋಟಿನ ಧನಿಗಳು ಶಾಲು ಹೊದಿಸಿದ್ದೂ ಉಂಟು. ನಾಲ್ಕು ಜನರ ಎದುರು ನನ್ನ ತಪ್ಪು ಹೇಳಿಸಿಕೊಂಡು ಎದೆ ಉಬ್ಬಿದ್ದು ಅದೇ ಮೊದಲು.

ಇನ್ನೊಂದು ಪ್ರಶ್ನೆಗೆ ಅವಳಿಗೆ ಉತ್ತರ ಬರಲಿಲ್ಲ. ಈ ಉಪ್ಪು ಸಮುದ್ರದ್ದೇ ಅಂತ ಹೇಗೆ ಹೇಳುತ್ತೀ, ಗೊಬ್ಬರದ್ದೂ ಇರಬಹುದಲ್ಲ? "ಈ ಪೆನ್ನಿನಲ್ಲಿ ಗೊತ್ತಾಗುದಿಲ್ಲ ಸರ್, ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ಬೇರೆ ನೋಡ್ಬೇಕು. ನಾನು ನೋಡಲಿಲ್ಲ" ಅಂದಳು. ಇಲ್ಲಿ ಮಾರ್ಕು ಹೋಯಿತಾ ಏನೋ.

ಎರಡನೇ ಸ್ಥಾನ ಬಂತು. ಜಿಲ್ಲೆಗೆ ಹೋಗುವುದು ಮೊದಲ ಸ್ಥಾನದವರು ಮಾತ್ರ. ಮೊದಲನೆಯದ್ದು ಸಿರಿಂಜಿನ ಜೆಸಿಬಿ ಮಾಡಿದ ಹುಡುಗನಿಗೆ. ಹೊಟ್ಟೆಕಿಚ್ಚಿನಿಂದ ಅದನ್ನು ನೋಡಲಿಕ್ಕೆ ಹೋದೆ. ಹೈಡ್ರಾಲಿಕ್ ನನಗೆ ಗೊತ್ತಿರುವ ವಿಷಯ, ತಪ್ಪು ಹುಡುಕಬೇಕು ಅಂತಲೇ ಹೋದದ್ದು. ಒಂದು ಕಡೆಯೂ ಗಾಳಿ ಗುಳ್ಳೆ ಇಲ್ಲ, ಒಂದು ಹನಿ ಸೋರಿಕೆ ಇಲ್ಲ. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಆ ಹುಡುಗನ ಹತ್ತಿರ ಯಾವ ಅಂಟು ಹಾಕಿದ್ದು ಅಂತ ಕೇಳಿಕೊಂಡು ಬಂದೆ.

ಮಗಳಿಗೆ ಒಂದು ಸರ್ಟಿಫಿಕೇಟು, ಒಂದು ಸ್ಟೀಲ್ ತಟ್ಟೆ. ಬರುವಾಗ ರಿಕ್ಷಾದಲ್ಲಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕ್ಲೋರೈಡ್ ಪರೀಕ್ಷೆಯ ಕಿಟ್ ಎಷ್ಟಾಗಬಹುದು ಅಂತ ನನ್ನ ಫೋನಿನಲ್ಲಿ ನೋಡುತ್ತಿದ್ದಳು.

ಸರಿ, ಪೆನ್ನಿಗೆ ಮೂರೂವರೆ ಸ್ಟಾರ್. ಒಂದು ಕಡಿದದ್ದು ಆ ಮಿಣುಕುವ ×10ಕ್ಕೆ, ಅರ್ಧ ಆ ಕಾಗದಕ್ಕೆ. ನೂರಕ್ಕೆ ಆರು ಸುಳ್ಳಿಗೆ ಏನೂ ಕಡಿಯಲಿಲ್ಲ, ಪ್ರತಿ ಸಲ ಅಷ್ಟೇ ಸುಳ್ಳು ಹೇಳುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಮನೆಯ ಫಿಲ್ಟರ್ ಕೆಲಸ ಮಾಡುತ್ತಿದೆಯಾ ಅಂತ ನೋಡಲು, ಮೀನಿನ ತೊಟ್ಟಿಗೆ, ಸಮುದ್ರದ ಹತ್ತಿರದ ಬಾವಿಗೆ ಧಾರಾಳ ಸಾಕು. ಹೊಳೆ, ಸಮುದ್ರ ಅಳೆಯಬೇಕಾದರೆ ಬೇಡ. ಪಂಪ್ ಈಗ ನಾನು ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಹಾಕುತ್ತೇನೆ. ಫಲ ಸಿಗುತ್ತದಾ ಅಂತ ಬರುವ ಮೇ ತಿಂಗಳಲ್ಲಿ ಗೊತ್ತಾಗುತ್ತದೆ.

ಪೆನ್ನು ಈಗ ಫ್ರಿಜ್ಜಿನ ಮೇಲೆ ಇರುತ್ತದೆ. ಮುಚ್ಚಳಕ್ಕೆ ಮಗಳು ಬಿಳಿ ಟೇಪು ಅಂಟಿಸಿ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ: "×10 ನೋಡಿದ್ರಾ ಪಪ್ಪ?"